ಖಾಲಿ ಸ್ಲೈಡಿಗೆ ಸಹಿ ಹಾಕುವವರು ಯಾರು?

ಕವಿತೆ ಕೇಳಲು ಜನ ಟಿಕೆಟ್ ತೆಗೆದುಕೊಂಡು, ಸಾಲು ನಿಂತು, ಒಳಗೆ ಹೋಗಿ ಕೂರುತ್ತಾರೆ ಎಂದು ಯಾರಾದರೂ ಹೇಳಿದ್ದರೆ ಮೊದಲು ನಕ್ಕುಬಿಡುತ್ತಿದ್ದವಳು ನಾನು. ನಾನು ಕಂಡ ಕವಿಗೋಷ್ಠಿಗಳಲ್ಲಿ ವೇದಿಕೆಯ ಮೇಲಿರುವವರು ಕೆಳಗೆ ಕೂತವರಿಗಿಂತ ಜಾಸ್ತಿ. ತಮ್ಮ ಪದ್ಯ ಓದಿ ಆದ ಕೂಡಲೇ ಬಸ್ಸಿಗೆ ಹೊತ್ತಾಯಿತೆಂದು ಚೀಲ ಹೆಗಲಿಗೇರಿಸುವ ಕವಿಗಳನ್ನು ನೀವೂ ನೋಡಿರುತ್ತೀರಿ, ಸುಳ್ಳು ಹೇಳಬೇಡಿ. ಯುರೋಪಿನಲ್ಲಿ ಹಾಗಲ್ಲ ಎಂದು ನನಗೆ ಗೊತ್ತಾದದ್ದು ಅಲ್ಲಿಗೆ ಹೋಗಿ ಅಲ್ಲ. ಮಣಿಪಾಲದ ಒಂದು ಆಫೀಸಿನಲ್ಲಿ, ಎ.ಸಿ.ಯ ನೀರು ತೊಟ್ಟಿಕ್ಕುವ ಮೂಲೆಯ ಮೇಜಿನಲ್ಲಿ ಕೂತು.

ಎರಡು ಸಾವಿರದ ಇಸವಿ ದಾಟಿ ಸ್ವಲ್ಪವೇ ಕಾಲವಾಗಿತ್ತು. ನಮ್ಮದು ಪುಟ ಜೋಡಿಸುವ ಕೆಲಸ. ವಿದೇಶದ ಪ್ರಕಾಶಕರು ಹಸ್ತಪ್ರತಿ ಕಳಿಸುತ್ತಿದ್ದರು, ನಾವು ಅದನ್ನು ಅಚ್ಚಿಗೆ ತಯಾರು ಮಾಡಿ ವಾಪಸ್ ಕಳಿಸುತ್ತಿದ್ದೆವು. ಹೆಚ್ಚಿನದು ರಸಾಯನಶಾಸ್ತ್ರ, ವೈದ್ಯಕೀಯ. ಅದರ ನಡುವೆ ಎಲ್ಲಿಂದಲೋ ಒಂದು ಕಾವ್ಯೋತ್ಸವದ ಕೆಲಸ ಬಂದು ಸೇರಿತ್ತು. ಉತ್ತರ ಯುರೋಪಿನ ಒಂದು ಸಣ್ಣ ಬಂದರು ಪಟ್ಟಣದಲ್ಲಿ ಬೇಸಿಗೆಗೊಮ್ಮೆ ಒಂದು ವಾರ ನಡೆಯುವ ಉತ್ಸವ. ಮೊದಲು ಅದರ ಪುಸ್ತಕ ಮಾತ್ರ ನಮ್ಮದಾಗಿತ್ತು. ಆಮೇಲೆ ಪರದೆಯ ಕೆಲಸವೂ ನಮ್ಮ ತಲೆಗೆ ಬಂತು.

ಪರದೆ ಎಂದರೇನು ಎಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆ ಉತ್ಸವಕ್ಕೆ ಹತ್ತಾರು ದೇಶಗಳ ಕವಿಗಳು ಬರುತ್ತಾರೆ. ಪ್ರತಿಯೊಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಓದುತ್ತಾರೆ. ಎಸ್ಟೋನಿಯನ್, ಪೋರ್ಚುಗೀಸ್, ಹಂಗೇರಿಯನ್, ಏನು ಬೇಕಾದರೂ. ಕೂತವರಿಗೆ ಆ ಭಾಷೆ ಬರುವುದಿಲ್ಲ. ಹಾಗಾಗಿ ಕವಿಯ ಹಿಂದೆ ದೊಡ್ಡ ಪರದೆಯ ಮೇಲೆ ಇಂಗ್ಲಿಷ್ ಅನುವಾದ ಬೀಳುತ್ತಿರುತ್ತದೆ. ಕವಿ ಓದಿದ ಹಾಗೆ ಅಲ್ಲಿಯ ಒಬ್ಬ ಸ್ವಯಂಸೇವಕ ಕೀಲಿ ಒತ್ತುತ್ತಾ ಸ್ಲೈಡ್ ಬದಲಿಸುತ್ತಾನೆ. ಆ ಸ್ಲೈಡುಗಳನ್ನು ಮಾಡಿ ಕಳಿಸುವವರು ನಾವು.

ನಾವು ಎಂದರೆ ಇಬ್ಬರು. ಕಟಪಾಡಿಯಿಂದ ಬಸ್ಸಿನಲ್ಲಿ ಬರುವ ನಾನು, ಕಾಪುವಿನಿಂದ ಬರುವ ಒಬ್ಬಳು ಸಹೋದ್ಯೋಗಿ. ನಾನು ಅವಳಿಗಿಂತ ಐದಾರು ವರ್ಷಕ್ಕೆ ದೊಡ್ಡವಳು, ಹಾಗಾಗಿ ಅಕ್ಕ. ನನ್ನದು ಖಾಯಂ ಕೆಲಸ. ಅವಳದ್ದು ಕಾಂಟ್ರಾಕ್ಟ್, ಅದೂ ಈ ಉತ್ಸವದ ಕೆಲಸಕ್ಕೇ ಅಂಟಿಕೊಂಡ ಕಾಂಟ್ರಾಕ್ಟ್. ಉತ್ಸವ ಹೋದರೆ ನನ್ನನ್ನು ರಸಾಯನಶಾಸ್ತ್ರದ ಷಟ್ಕೋನಗಳ ಮುಂದೆ ಕೂರಿಸುತ್ತಿದ್ದರು, ಅವಳನ್ನು ಮನೆಗೆ ಕಳಿಸುತ್ತಿದ್ದರು. ಮನೆಯಲ್ಲಿ ಅವಳಿಗೆ ಜಾಗ ರೆಡಿ ಇತ್ತು, ಆದರೆ ಕಾಪುವಿನಲ್ಲಲ್ಲ. ಬೊಂಬಾಯಿಯಲ್ಲಿ ಅಣ್ಣನ ಮನೆ. ಅತ್ತಿಗೆಗೆ ಹೆರಿಗೆಯಾಗಿತ್ತು, ಮಗು ನೋಡಿಕೊಳ್ಳಲು ಒಬ್ಬರು ಬೇಕಾಗಿತ್ತು.

"ಕೆಲಸ ಇದ್ರೆ ಮಾತ್ರ ಇಲ್ಲಿ ಅಕ್ಕ. ಇಲ್ದಿದ್ರೆ ಅಮ್ಮ ಟಿಕೆಟ್ ಮಾಡಿಸ್ತಾರೆ. ಅವರಿಗೆ ನಾನು ಕಂಪ್ಯೂಟರಲ್ಲಿ ಎಂತ ಮಾಡ್ತೇನೆ ಅಂತಲೇ ಗೊತ್ತಿಲ್ಲ. ಟೈಪಿಂಗ್ ಅಂತ ಹೇಳಿ ಇಟ್ಟಿದ್ದೇನೆ" ಎಂದು ಅವಳು ಒಮ್ಮೆ ಊಟ ಮಾಡುತ್ತಾ ಹೇಳಿದ್ದಳು. ಬೇಸರದಿಂದ ಅಲ್ಲ, ಗುಳ್ಳ ಬದನೆಯ ಸಾಂಬಾರಿಗೆ ಉಪ್ಪು ಕಮ್ಮಿ ಎನ್ನುವ ಹಾಗೆ.

ಆ ವರ್ಷ ಉತ್ಸವಕ್ಕೆ ಮೊದಲು, ವಸಂತದಲ್ಲಿ, ಅಲ್ಲಿಯವರು ಒಂದು ಸಣ್ಣ ಪ್ರಾಯೋಗಿಕ ವಾಚನ ಇಟ್ಟುಕೊಂಡಿದ್ದರು. ನಮ್ಮ ಸ್ಲೈಡುಗಳು ಹೋದವು. ಎರಡು ವಾರದ ನಂತರ ಕೊರಿಯರಿನಲ್ಲಿ ಒಂದು ವಿಡಿಯೋ ಸಿ.ಡಿ. ಬಂತು. ಅದರ ಹಿಂದೆಯೇ ಉತ್ಸವದ ಸಂಯೋಜಕಿಯ ಫೋನ್. ಆಕೆ ಮಾತಾಡುವುದು ಇಂಗ್ಲಿಷಿನಲ್ಲಿ, ಮೆಲ್ಲಗೆ. ಬೈಯುವಾಗ ಇನ್ನೂ ಮೆಲ್ಲಗೆ.

"ಸಿ.ಡಿ. ನೋಡಿ. ಕೊನೆಯಲ್ಲಿ ಓದಿದ ಹಿರಿಯ ಕವಿ ನನಗೊಂದು ಮಾತು ಹೇಳಿ ಹೋಗಿದ್ದಾರೆ. ಉತ್ಸವಕ್ಕೆ ಒಂದೋ ನಾನು ಬರುತ್ತೇನೆ, ಇಲ್ಲವೇ ಪರದೆ ಬರುತ್ತದೆ, ಎರಡೂ ಒಟ್ಟಿಗೆ ಬರುವುದಿಲ್ಲ, ಅಂತ. ಅವರು ಪರದೆ ಬೇಡ ಎಂದರೆ ಉಳಿದವರೂ ಬೇಡ ಎನ್ನುತ್ತಾರೆ. ಆಮೇಲೆ ನಾವು ಪುಸ್ತಕವನ್ನು ಇಲ್ಲಿಯೇ ಮಾಡಿಸಿಕೊಳ್ಳುತ್ತೇವೆ."

ಅಂದರೆ ಎಲ್ಲವೂ ಆ ಒಬ್ಬ ಮುದುಕನ ಮೇಲೆ ನಿಂತಿತ್ತು.

ಮ್ಯಾನೇಜರರ ಕ್ಯಾಬಿನ್ನಿನಲ್ಲಿ ಸಿ.ಡಿ. ಹಾಕಿದೆವು. ಮ್ಯಾನೇಜರ್, ನಾವಿಬ್ಬರು, ಮತ್ತು ಕ್ವಾಲಿಟಿ ಚೆಕ್‌ನ ಮಾಸ್ಟ್ರು. ಈ ಮಾಸ್ಟ್ರು ಕಾರ್ಕಳದ ಕಡೆಯವರು, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿ ನಮ್ಮಲ್ಲಿಗೆ ಬಂದವರು. ಆಫೀಸಿನಿಂದ ಒಂದು ಪುಟ ಹೊರಗೆ ಹೋಗಬೇಕಾದರೂ ಅವರ ಸಹಿ ಬೇಕು. ಅವರ ಕೆಂಪು ಪೆನ್ನು ಕಂಡರೆ ಮ್ಯಾನೇಜರೇ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಕವಿ ತೆಳ್ಳಗಿನ ಮನುಷ್ಯ, ಕೋಟು ಎರಡು ಅಳತೆ ದೊಡ್ಡದು. ಓದಿದ್ದು ಎರಡು ಪದ್ಯ, ಎರಡನೆಯದು ಒಂದು ಟ್ರಾಮಿನದ್ದು. ಒಬ್ಬಳು ಮುದುಕಿ ದಿನಾ ಬೆಳಿಗ್ಗೆ ಟ್ರಾಮು ಹತ್ತಿ ಎರಡು ಟಿಕೆಟ್ ತೆಗೆದುಕೊಳ್ಳುತ್ತಾಳೆ. ಗಂಡ ಸತ್ತು ಬಹಳ ವರ್ಷವಾಗಿದೆ. ಕಂಡಕ್ಟರನಿಗೆ ಗೊತ್ತು, ಮಾತಾಡದೆ ಎರಡು ಟಿಕೆಟಿಗೂ ತೂತು ಹೊಡೆದುಕೊಡುತ್ತಾನೆ. ಒಂದು ದಿನ ತಪಾಸಣೆಯವನು ಹತ್ತುತ್ತಾನೆ, ಈ ಎರಡನೆಯ ಟಿಕೆಟ್ ಯಾರದ್ದು ಎಂದು ಕೇಳುತ್ತಾನೆ. ಮುದುಕಿ ಬಾಯಿ ಬಿಡುವುದಿಲ್ಲ. ಕಂಡಕ್ಟರ್ ಹೇಳುತ್ತಾನೆ: ಮುಂದಿನ ಸ್ಟಾಪಿನಲ್ಲಿ ಹತ್ತುತ್ತಾರೆ.

ಇಷ್ಟೇ ಪದ್ಯ. ಅದನ್ನು ಜೋಡಿಸುವಾಗ ನನಗೆ ಏನೂ ಅನಿಸಿರಲಿಲ್ಲ. ಜೋಡಿಸುವವರು ಓದುವುದಿಲ್ಲ, ನೋಡುತ್ತಾರೆ. ಅದು ಬೇರೆಯೇ ವಿದ್ಯೆ.

"ಸ್ಪೆಲ್ಲಿಂಗ್ ಸರಿ ಉಂಟು. ಅಂಚು ಸರಿ ಉಂಟು. ಇದರಲ್ಲಿ ತಪ್ಪು ಎಂತ ಅಂತ ಅವರೇ ಹೇಳಲಿ" ಎಂದರು ಮಾಸ್ಟ್ರು.

"ಇನ್ನೊಮ್ಮೆ ಹಾಕು ಮಾರಾಯ್ತಿ" ಎಂದರು ಮ್ಯಾನೇಜರ್.

ಎರಡನೆಯ ಸಲ ನಾನು ಪರದೆ ಬಿಟ್ಟು ಕೂತ ಜನರನ್ನು ನೋಡಿದೆ. ಕವಿ ಇನ್ನೂ ತಪಾಸಣೆಯವನ ಪ್ರಶ್ನೆಯಲ್ಲಿದ್ದಾರೆ. ಆಗಲೇ ಮುಂದಿನ ಸಾಲಿನಲ್ಲಿ ಕೂತ ಒಬ್ಬಾಕೆ ಬಾಯಿಗೆ ಕೈ ಇಟ್ಟುಕೊಂಡಳು. ಹಿಂದೆ ಒಬ್ಬ "ಆಹ್" ಎಂದ. ಕವಿ ಓದುವುದನ್ನು ನಿಲ್ಲಿಸಿ, ತಿರುಗಿ, ತನ್ನ ಹಿಂದಿನ ಪರದೆ ನೋಡಿದರು. ಕೊನೆಯ ಸಾಲು ಅಲ್ಲಿ ಆಗಲೇ ಬಿದ್ದಿತ್ತು. ಅವರು ಮತ್ತೆ ಜನರ ಕಡೆ ತಿರುಗಿ, ಬಾಕಿ ಇದ್ದದ್ದನ್ನು ಬಾಡಿಗೆ ಚೀಟಿ ಓದಿದ ಹಾಗೆ ಓದಿ ಕೆಳಗಿಳಿದರು.

ತಪ್ಪು ನಮ್ಮ ಅಭ್ಯಾಸದ್ದು. ಪುಟ ಎಂದರೆ ತುಂಬಿರಬೇಕು, ಒಂದೇ ಸಾಲು ಒಂಟಿಯಾಗಿ ಮುಂದಿನ ಪುಟಕ್ಕೆ ಹೋಗಬಾರದು ಎನ್ನುವುದು ನಮಗೆ ಮೊದಲ ದಿನ ಕಲಿಸುವ ಪಾಠ. ಸ್ಲೈಡಿಗೂ ಅದನ್ನೇ ಮಾಡಿದ್ದೆವು. ಕೊನೆಯ ಸಾಲು ಒಂಟಿಯಾಗಬಾರದೆಂದು ಹಿಂದಿನ ಐದು ಸಾಲುಗಳ ಜೊತೆ ಚೆಂದಕ್ಕೆ ಕೂರಿಸಿದ್ದೆವು. ಕವಿ ಆ ಸಾಲಿಗೆ ಬರುವ ಮೊದಲೇ ಸಭೆ ಅದನ್ನು ಓದಿ ಮುಗಿಸಿತ್ತು.

ಮ್ಯಾನೇಜರರಿಗೆ ವಿವರಿಸಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವರು ವೇಷವಿಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯ ಹುಚ್ಚಿನವರು, ಎಲ್ಲಿ ಕೂಟ ಇದ್ದರೂ ಮುಂದಿನ ಸಾಲು.

"ಸರ್, ತಾಳಮದ್ದಳೆಯಲ್ಲಿ ಕೃಷ್ಣ ಉತ್ತರ ಕೊಡುವ ಮೊದಲು ಹಿಂದಿನಿಂದ ಒಬ್ಬ ಆ ಉತ್ತರ ಬೋರ್ಡಿನಲ್ಲಿ ಬರೆದು ಹಿಡಿದರೆ?"

"ಅವನ ಬೋರ್ಡಿನಿಂದಲೇ ಅವನ ಮಂಡೆಗೆ ಹೊಡೀತೇನೆ."

"ಆ ಬೋರ್ಡಿನವರು ನಾವು ಸರ್."

ಅವರು ಕನ್ನಡಕ ಒರೆಸಿಕೊಂಡರು. ಆಮೇಲೆ, "ಸರಿ ಮಾಡಿ. ಎಂತ ಬೇಕೋ ಮಾಡಿ. ಆದರೆ ಮಾಸ್ಟ್ರ ಸಹಿ ಇಲ್ಲದೆ ಎಂತದೂ ಹೊರಗೆ ಹೋಗ್ಲಿಕ್ಕಿಲ್ಲ. ಆಡಿಟ್ ಬರ್ತಾ ಉಂಟು" ಎಂದರು.

ಮೊದಲು ಮಾಡಿದ್ದು ತೀರಾ ಸುಲಭದ ಉಪಾಯ. ಒಂದು ಸಾಲಿಗೆ ಒಂದು ಸ್ಲೈಡ್. ಮಧ್ಯಾಹ್ನ ಕ್ಯಾಂಟೀನಿನ ಗೋಡೆಗೆ ಪ್ರೊಜೆಕ್ಟರ್ ಹಿಡಿದು, ವೈದ್ಯಕೀಯ ವಿಭಾಗದ ಹತ್ತು ಹನ್ನೆರಡು ಜನರನ್ನು ಗೋಳಿಬಜೆ ಆಸೆ ತೋರಿಸಿ ಕೂರಿಸಿದೆವು. ಅದೇ ವಿಡಿಯೋದ ಧ್ವನಿ ಮಾತ್ರ ಹಾಕಿ, ಕಾಪುವಿನವಳು ಕೀಲಿ ಒತ್ತುತ್ತಾ ಹೋದಳು. ಮುಗಿದ ಮೇಲೆ ಕೇಳಿದೆವು.

"ಕಣ್ಣು ಉರೀತದೆ" ಎಂದ ಒಬ್ಬ.

"ಕವಿತೆ ಹೇಗಿತ್ತು?"

"ಕವಿತೆಯಾ? ಹೋ, ಅದು ಕೂಡ ಇತ್ತಾ? ನಾವು ಮುಂದಿನ ಸಾಲು ಯಾವಾಗ ಬರ್ತದೆ ಅಂತ ಕಾಯ್ತಾ ಇದ್ದೆವು. ಟಿ.ವಿ.ಯಲ್ಲಿ ಕೆಳಗೆ ಓಡ್ತದಲ್ವಾ, ಹಾಗೆ."

ಸರಿಯೇ. ಸಾಲು ಪಟಪಟ ಬದಲಾದರೆ ಯಾರೂ ಕವಿಯ ಮುಖ ನೋಡುವುದಿಲ್ಲ. ಆ ಉಪಾಯ ಅಲ್ಲಿಗೆ ಬಿತ್ತು.

ಇನ್ನು ಉಳಿದ ದಾರಿ ಒಂದೇ. ಪ್ರತಿ ಕವಿ ಓದುವುದನ್ನು ಕೇಳಿ, ಎಲ್ಲಿ ಉಸಿರು ತೆಗೆಯುತ್ತಾರೆ, ಎಲ್ಲಿ ನಿಲ್ಲುತ್ತಾರೆ ಎಂದು ಗುರುತಿಸಿ, ಅಲ್ಲಿಗೆ ಸ್ಲೈಡ್ ಕತ್ತರಿಸುವುದು. ಸಂಯೋಜಕಿ ಎಲ್ಲರ ಧ್ವನಿಯನ್ನು ಸಿ.ಡಿ.ಯಲ್ಲಿ ಕಳಿಸಿದರು, ಮೂಲ ಪದ್ಯದ ಯಾವ ಸಾಲಿಗೆ ಅನುವಾದದ ಯಾವ ಸಾಲು ಎಂದು ಗುರುತು ಹಾಕಿದ ಪ್ರತಿಯನ್ನೂ ಕಳಿಸಿದರು. ಕೇಳಲು ಕೂತರೆ ಪಕ್ಕದಲ್ಲಿ ಹೊಸ ಕಟ್ಟಡ ಏಳುತ್ತಿತ್ತು, ಕಾಂಕ್ರೀಟ್ ಮಿಕ್ಸರ್ ಬೆಳಗಿನಿಂದ ಸಂಜೆವರೆಗೆ ತಿರುಗುತ್ತಿತ್ತು. ಆಫೀಸಿನ ಹೆಡ್‌ಫೋನಿನಲ್ಲಿ ಪೋರ್ಚುಗೀಸ್ ಕವಯಿತ್ರಿಯ ನಿಟ್ಟುಸಿರಿಗಿಂತ ಜಲ್ಲಿಯ ಸದ್ದೇ ಜಾಸ್ತಿ. ನಾನು ಇಳಿದು ಹೋಗಿ ಮೇಸ್ತ್ರಿಯನ್ನು ಕೇಳಿದೆ. ಬಾಗಲಕೋಟೆ ಕಡೆಯ ಮನುಷ್ಯ.

"ಸ್ವಲ್ಪ ಹೊತ್ತು ನಿಲ್ಲಿಸ್ಲಿಕ್ಕೆ ಆಗ್ತದಾ?"

"ಯಾಕ್ರೀ ಅಕ್ಕಾರ, ಪರೀಕ್ಷಾ ಐತೇನು?"

"ಪರೀಕ್ಷೆ ಅಲ್ಲ, ಪದ್ಯ ಕೇಳ್ಲಿಕ್ಕೆ ಉಂಟು."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಊಟಕ್ಕ ಬಿಟ್ಟಾಗ ಕೇಳ್ರಿ. ಕಾಂಕ್ರೀಟ್ ನಿಮ್ಮ ಪದ್ಯಕ್ಕ ನಿಲ್ಲಂಗಿಲ್ಲ."

ಹಾಗಾಗಿ ಅವರ ಊಟದ ಹೊತ್ತು ನಮ್ಮ ಕೇಳುವ ಹೊತ್ತಾಯಿತು.

ಹೀಗೆ ಕೇಳುತ್ತಾ ಹೋದಾಗ ಆ ಜನರ ಬಗ್ಗೆ ಏನೇನೋ ತಿಳಿಯಿತು. ಪುಸ್ತಕಕ್ಕೆ ನಾವೇ ಜೋಡಿಸಿದ ಕವಿ ಪರಿಚಯಗಳಲ್ಲಿ ಎಲ್ಲರೂ ಎರಡೆರಡು ಊರುಗಳಲ್ಲಿ ವಾಸ. ಒಬ್ಬರು ದಂತವೈದ್ಯರು, ಒಬ್ಬರು ಹಡಗಿನಲ್ಲಿ ರೇಡಿಯೋ ನೋಡಿಕೊಂಡಿದ್ದವರು. ಕೆಲವರ ಭಾಷೆಯನ್ನು ಆಡುವವರು ನಮ್ಮ ಎರಡು ಮೂರು ತಾಲೂಕುಗಳಲ್ಲಿ ಹಿಡಿಸುವಷ್ಟೇ. ಉತ್ಸವದ ವಾರದಲ್ಲಿ ಬೆಳಿಗ್ಗೆ ಕವಿಗಳು ಒಂದು ಮೇಜಿನ ಸುತ್ತ ಕೂತು ಒಬ್ಬರ ಪದ್ಯವನ್ನು ಇನ್ನೊಬ್ಬರು ತಮ್ಮ ಭಾಷೆಗೆ ಮಾಡಿಕೊಳ್ಳುತ್ತಾರಂತೆ. ಮಧ್ಯಾಹ್ನ, ಸಂಜೆ ವಾಚನ. ಒಬ್ಬ ಕವಿಗೆ ಕಾಲು ಗಂಟೆ, ಅಷ್ಟರೊಳಗೆ ಇಳಿಯಬೇಕು. ಸ್ವಾಗತ ಭಾಷಣ ಇಲ್ಲ, ಶಾಲು ಇಲ್ಲ. ಇದನ್ನು ಕೇಳಿ ಮಾಸ್ಟ್ರು, "ಅಧ್ಯಕ್ಷರು ಇಲ್ವಾ? ಹಾಗಾದರೆ ಸಭೆ ಮುಗಿಯುವುದು ಹೇಗೆ?" ಎಂದು ಗಂಭೀರವಾಗಿಯೇ ಕೇಳಿದ್ದರು.

ಟ್ರಾಮಿನ ಪದ್ಯಕ್ಕೆ ಬಂದಾಗ ಒಂದು ತೊಡಕು. ತಪಾಸಣೆಯವನು ಕೇಳಿದ ಮೇಲೆ ಕವಿ ಬಹಳ ಹೊತ್ತು ಸುಮ್ಮನಿರುತ್ತಾರೆ. ಆ ಹೊತ್ತಿನಲ್ಲಿ ಪರದೆಯ ಮೇಲೆ ಏನಿರಬೇಕು? ಹಿಂದಿನ ಸಾಲುಗಳೇ ಇದ್ದರೆ ಜನ ಅದನ್ನೇ ಮತ್ತೆ ಮತ್ತೆ ಓದುತ್ತಾರೆ. ಮುಂದಿನ ಸಾಲು ಬಂದರೆ ಕತೆ ಮುಗಿಯಿತು. ಕಾಪುವಿನವಳು ಹೇಳಿದಳು, "ಎಂತದೂ ಬೇಡ ಅಕ್ಕ. ಕಪ್ಪು ಬಿಡುವ." ಹಾಗೆ ಒಂದು ಖಾಲಿ ಸ್ಲೈಡ್ ಹಾಕಿದೆವು. ಆಮೇಲೆ ಬೇರೆ ಕವಿಗಳಿಗೂ ಅಲ್ಲಲ್ಲಿ ಹಾಕಿದೆವು. ಕೆಲಸ ಮುಗಿಸಿ ಕಡತವನ್ನು ಕ್ವಾಲಿಟಿ ಚೆಕ್‌ಗೆ ದಾಟಿಸಿ, ನಾವು ಪುಸ್ತಕದ ಪುಟಗಳಿಗೆ ಹೋದೆವು. ಮಾಸ್ಟ್ರು ನೋಡಿದರು, ಸಹಿ ಹಾಕಿದರು, ಕಳಿಸಿದರು.

ಸಂಯೋಜಕಿ ಆ ಕವಿಯನ್ನು ಹೇಗೋ ಒಪ್ಪಿಸಿ ಸಭಾಂಗಣಕ್ಕೆ ಕರೆಸಿ, ಒಂದು ಸಲ ಓದಿಸಿ ನೋಡಿದರು. ಮರುದಿನ ಫೋನ್ ಬಂತು. ಎಷ್ಟು ಮೆಲ್ಲಗೆ ಎಂದರೆ ನಾನು ರಿಸೀವರನ್ನು ಕಿವಿಗೆ ಒತ್ತಿ ಹಿಡಿಯಬೇಕಾಯಿತು.

"ಅವರು ನಿಲ್ಲಿಸಿದರು. ಪರದೆ ಕಪ್ಪಾಯಿತು. ತುಂಬಾ ಚೆನ್ನಾಗಿತ್ತು. ಆದರೆ ಆ ಕಪ್ಪಿನ ನಡುವೆ ದೊಡ್ಡ ಅಕ್ಷರಗಳಲ್ಲಿ ಒಂದು ವಾಕ್ಯ ಇತ್ತು. ಈ ಪುಟವನ್ನು ಬೇಕೆಂದೇ ಖಾಲಿ ಬಿಡಲಾಗಿದೆ, ಅಂತ."

ನಾನು ಕುರ್ಚಿ ಎಳೆದು ಕೂತೆ.

"ಅವರು ಏನು ಹೇಳಿದರು?"

"ಇದು ಯಾವ ಕವಿಯ ಸಾಲು, ನನ್ನದಕ್ಕಿಂತ ಚೆನ್ನಾಗಿದೆ, ಎಂದು ಕೇಳಿದರು. ಆಮೇಲೆ ಕೋಟು ಹಾಕಿಕೊಂಡು ಹೋದರು."

ಪುಸ್ತಕದ ಕೆಲಸ ಮಾಡುವವರಿಗೆ ಇದು ಗೊತ್ತಿರುತ್ತದೆ. ಅಧ್ಯಾಯಗಳ ನಡುವೆ ಒಂದು ಪುಟ ಖಾಲಿ ಉಳಿದರೆ, ಅಚ್ಚಿನವರು ತಪ್ಪಿಹೋಗಿದೆ ಎಂದುಕೊಳ್ಳಬಾರದೆಂದು ಆ ವಾಕ್ಯ ಹಾಕುತ್ತಾರೆ. ಆಫೀಸಿನ ನಿಯಮ. ಮಾಸ್ಟ್ರು ಪ್ರತಿ ಖಾಲಿ ಸ್ಲೈಡಿಗೂ ಅದನ್ನು ಹಾಕಿಸಿದ್ದರು. ಸರಿಯಾದ ಅಕ್ಷರ, ಸರಿಯಾದ ಗಾತ್ರ, ನಟ್ಟನಡುವೆ. ಎಷ್ಟು ಅಚ್ಚುಕಟ್ಟು ಎಂದರೆ ಕವಿಗಳ ಪದ್ಯಕ್ಕೂ ನಾವು ಅಷ್ಟು ಮುತುವರ್ಜಿ ವಹಿಸಿರಲಿಲ್ಲ.

ಉತ್ಸವಕ್ಕೆ ಇನ್ನು ಹೆಚ್ಚು ದಿನ ಉಳಿದಿರಲಿಲ್ಲ. ಸಂಯೋಜಕಿ ಕೊನೆಯ ಒಂದು ಅವಕಾಶ ಕೊಟ್ಟರು. ಹೊಸ ಕಡತ ಕಳಿಸಿ, ವಾಚನದ ದಿನ ನೇರವಾಗಿ ಹಾಕುತ್ತೇವೆ, ಕವಿಯನ್ನು ನಾನು ಮಾತಾಡಿ ಒಪ್ಪಿಸುತ್ತೇನೆ. ಮತ್ತೆ ತಪ್ಪಿದರೆ ಮುಗಿಯಿತು.

ಕಾಪುವಿನವಳು ಆ ದಿನ ಮಧ್ಯಾಹ್ನ ಡಬ್ಬಿ ತೆರೆಯಲಿಲ್ಲ. "ಅಕ್ಕ, ಸಹಿ ಆದ ಮೇಲೆ ವಾಕ್ಯ ತೆಗೆದು ಕಳಿಸುವನಾ? ಯಾರಿಗೂ ಗೊತ್ತಾಗುದಿಲ್ಲ" ಎಂದಳು.

ಹಾಗೆ ಮಾಡಲು ಆಗುತ್ತಿತ್ತು. ಈ ಸಲ ಕಳಿಸುವ ಗುಂಡಿ ನನ್ನ ಕೈಯಲ್ಲೇ ಇತ್ತು. ಆದರೆ ಸಿಕ್ಕಿಬಿದ್ದರೆ ಮೊದಲು ಹೋಗುವುದು ಕಾಂಟ್ರಾಕ್ಟಿನವಳು, ನಾನಲ್ಲ. ಅದಕ್ಕಿಂತ, ಮುಂದಿನ ವರ್ಷ ಮತ್ತೆ ಇದೇ ಕಳ್ಳಾಟವಾ? ನಾನು ಬೇಡ ಎಂದೆ. ಸೀದಾ ಮಾಸ್ಟ್ರ ಮೇಜಿಗೆ ಹೋದೆ.

"ಮಾಸ್ಟ್ರೇ, ಖಾಲಿ ಇದ್ದದ್ದು ಖಾಲಿಯೇ ಹೋಗಬೇಕು."

"ಹೋಗ್ಲಿ. ನನಗೆಂತ? ಆದರೆ ನಾನು ಸಹಿ ಹಾಕುವುದು ಮೂಲ ಪ್ರತಿಗೆ ಹೋಲಿಸಿ ನೋಡಿದ ಮೇಲೆ. ಖಾಲಿಯನ್ನು ನಾನು ಯಾವುದಕ್ಕೆ ಹೋಲಿಸಬೇಕು? ಹೇಳಿ. ಮೂಲದಲ್ಲಿ ಎಲ್ಲಿ ಉಂಟು ಇದು?"

ಪ್ರಶ್ನೆ ಸರಿಯಾಗಿತ್ತು. ಉತ್ತರವಾಗಿ ನಾನು ನನ್ನ ಹೆಡ್‌ಫೋನ್ ಕೊಟ್ಟೆ.

"ಇದೆಂತಕ್ಕೆ? ನಾನು ಓದುವವನು."

"ಒಂದು ಪದ್ಯ ಕೇಳಿ. ಮಿಕ್ಸರ್ ನಿಂತಿದೆ."

ಅವರು ಸುಪ್ರಭಾತ ಕೇಳುವವರ ಹಾಗೆ ಕಣ್ಣು ಮುಚ್ಚಿ ಕೂತರು. ಟ್ರಾಮಿನ ಪದ್ಯ ಹಾಕಿದೆ. ಕವಿ ನಿಲ್ಲಿಸಿದಲ್ಲಿ ಕಣ್ಣು ತೆರೆದು, "ಕರೆಂಟು ಹೋಯ್ತಾ?" ಎಂದರು.

"ಇಲ್ಲ. ಅವರು ಸುಮ್ಮನಿದ್ದಾರೆ."

ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದರು. ಮಾಸ್ಟ್ರು ಸ್ವತಃ ಪದ್ಯ ಬರೆಯುತ್ತಿದ್ದವರು, ಕಾರ್ಕಳದ ಯಾವ ಗೋಷ್ಠಿಯನ್ನೂ ತಪ್ಪಿಸಿದವರಲ್ಲ.

"ನಮ್ಮಲ್ಲಿ ಒಂದು ಸಾಲು ಮುಖ್ಯ ಅಂತ ಇದ್ರೆ ಎರಡು ಸಲ ಓದ್ತೇವೆ, ಅಲ್ವಾ? ಇವರು ಒಂದೇ ಸಲ ಓದಿ ಸುಮ್ಮನಾಗ್ತಾರೆ. ನಾವು ಎರಡನೇ ಸಲ ಓದುವ ಜಾಗವನ್ನು ಇವರು ಖಾಲಿ ಬಿಡ್ತಾರೆ."

"ಹೌದು."

"ಹಾಗಾದರೆ ಅದು ಖಾಲಿ ಅಲ್ಲ ಮಾರಾಯ್ತಿ. ಓದಿದ್ದೇ ಅದು."

ಒಪ್ಪಿಕೊಂಡರು ಎಂದು ನಾನು ಖುಷಿಪಟ್ಟೆ. ಅದು ಬೇರೆಯೇ ಉಪದ್ರವಕ್ಕೆ ಆರಂಭ. ಅಂದಿನಿಂದ ಅವರು ಹೆಡ್‌ಫೋನ್ ವಾಪಸ್ ಕೊಡಲಿಲ್ಲ. ಖಾಲಿಯನ್ನು ಧ್ವನಿಗೆ ಹೋಲಿಸಿ ನೋಡುತ್ತೇನೆ ಎಂದು ಪ್ರತಿ ಕವಿಯನ್ನೂ ಮೊದಲಿನಿಂದ ಕೊನೆಯವರೆಗೆ ಕೇಳಿದರು. ಒಂದಕ್ಷರ ಅರ್ಥವಾಗದ ಭಾಷೆಗಳು. ಕೆಂಪು ಪೆನ್ನಿನ ಗುರುತು ಹಾಕಿಕೊಂಡು ನಮ್ಮ ಮೇಜಿಗೆ ಬರುತ್ತಿದ್ದರು.

"ಇಲ್ಲಿ ಎಂತಕ್ಕೆ ಖಾಲಿ ಹಾಕಿದ್ದೀರಿ?"

"ಅಲ್ಲಿ ನಿಲ್ಲಿಸ್ತಾರೆ ಮಾಸ್ಟ್ರೇ" ಎಂದಳು ಕಾಪುವಿನವಳು.

"ನಿಲ್ಲಿಸುದಾ? ಕೆಮ್ಮಿದ್ದು ಅದು. ಸರೀ ಕೇಳು. ಕೆಮ್ಮಿಗೆಲ್ಲ ಖಾಲಿ ಸ್ಲೈಡ್ ಕೊಡ್ತೀರಾ? ಹಾಗಾದರೆ ನನ್ನ ಪದ್ಯಕ್ಕೆ ಪೂರಾ ಖಾಲಿ ಬೇಕಾದೀತು."

ಮೂರು ಕಡೆ ಅವರು ಹೇಳಿದ್ದು ಸರಿ. ಎರಡು ಕಡೆ ನಾವು ಸರಿ, ಜಗಳ ಮಾಡಿ ಉಳಿಸಿಕೊಂಡೆವು.

ಇನ್ನೂ ಒಂದು ವಿಷಯ ಉಳಿದಿತ್ತು. ಅಲ್ಲಿಯ ಸ್ವಯಂಸೇವಕ ಯಾವಾಗ ಕೀಲಿ ಒತ್ತಬೇಕು ಎನ್ನುವುದು. ಮೊದಲು ನಾವು ನಿಮಿಷ, ಸೆಕೆಂಡು ಬರೆದುಕೊಟ್ಟಿದ್ದೆವು. ವಿಡಿಯೋವನ್ನೂ ಧ್ವನಿಯ ಸಿ.ಡಿ.ಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಒಂದೇ ಪದ್ಯವನ್ನು ಆ ಕವಿ ಒಂದೊಂದು ಸಲ ಒಂದೊಂದು ವೇಗದಲ್ಲಿ ಓದಿದ್ದರು. ಸೆಕೆಂಡಿನ ಲೆಕ್ಕ ಕೆಲಸಕ್ಕೆ ಬಾರದು. ಹಾಗಾಗಿ ಕಿವಿಗೆ ಬೀಳುವ ಕೊನೆಯ ಪದ, ಕಣ್ಣಿಗೆ ಕಾಣುವ ಚಲನೆ, ಇವೆರಡನ್ನೇ ಗುರುತಾಗಿ ಕೊಟ್ಟೆವು. ಆ ಕವಿ ಮೌನಕ್ಕೆ ಹೋಗುವ ಮೊದಲು ಎಡಗೈಯನ್ನು ಮೇಜಿನ ಅಂಚಿಗೆ ಇಡುತ್ತಿದ್ದರು, ವಿಡಿಯೋದಲ್ಲಿ ಎರಡು ಪದ್ಯಕ್ಕೂ ಹಾಗೇ ಮಾಡಿದ್ದರು. ಕೈ ಇಟ್ಟಾಗ ಕಪ್ಪು ಮಾಡಿ ಎಂದು ಬರೆದೆವು.

ಕೊನೆಯ ಸಾಲು ಯಾವಾಗ? ಉತ್ಸವದವರ ನಿಯಮ ಸ್ಪಷ್ಟವಾಗಿತ್ತು. ಕವಿ ಬಾಯಿ ತೆರೆಯುವಾಗ ಅನುವಾದ ಪರದೆಯಲ್ಲಿರಬೇಕು, ಟಿಕೆಟ್ ತೆಗೆದುಕೊಂಡವರು ಒಂದು ಕ್ಷಣವೂ ಅರ್ಥವಾಗದೆ ಕೂರಬಾರದು. ನಾನು ಬಹಳ ಯೋಚಿಸಿ ಆ ನಿಯಮ ಮುರಿಯುವುದೆಂದು ತೀರ್ಮಾನಿಸಿದೆ. ಕವಿ ಕೊನೆಯ ಸಾಲು ಹೇಳಿ ಮುಗಿಸಲಿ. ಯಾರಿಗೂ ಅರ್ಥವಾಗದಿರಲಿ. ಆಮೇಲೆ ಬೀಳಲಿ. ಇದನ್ನು ಮುಚ್ಚಿಡದೆ ಸಂಯೋಜಕಿಗೆ ಫೋನಿನಲ್ಲೇ ಹೇಳಿದೆ.

"ಜನ ಗೊಂದಲಕ್ಕೆ ಬೀಳುತ್ತಾರೆ" ಎಂದರು ಆಕೆ.

"ಒಂದು ಉಸಿರಿನಷ್ಟು ಹೊತ್ತು. ಆ ಮುದುಕಿಯ ಎದುರು ತಪಾಸಣೆಯವನು ನಿಂತಷ್ಟು ಹೊತ್ತು."

ವಿದೇಶದ ಕರೆ, ಮ್ಯಾನೇಜರ್ ಗಡಿಯಾರ ನೋಡುತ್ತಿದ್ದರು.

"ಸರಿ. ಆದರೆ ಇದು ನಿಮ್ಮ ಹೊಣೆ" ಎಂದರು ಸಂಯೋಜಕಿ.

ಮಾಸ್ಟ್ರು ಸಹಿ ಹಾಕಿದರು. ಕಡತ ಹೋಯಿತು.

ವಾಚನ ಭಾನುವಾರ. ಅಲ್ಲಿ ಮಧ್ಯಾಹ್ನ, ನಮಗೆ ಸಂಜೆಯ ಚಾ ಹೊತ್ತು. ಸಂಯೋಜಕಿ ಸಭಾಂಗಣದಿಂದಲೇ ಫೋನ್ ಮಾಡುತ್ತೇನೆ ಎಂದಿದ್ದರಿಂದ ನಾಲ್ವರೂ ಆಫೀಸಿಗೆ ಬಂದೆವು. ಮಾಸ್ಟ್ರು ಕಾರ್ಕಳದಿಂದ ಬಸ್ಸು ಹಿಡಿದು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಮ್ಯಾನೇಜರರ ಮೇಜಿನ ಫೋನನ್ನು ಸ್ಪೀಕರಿಗೆ ಹಾಕಿ ಸುತ್ತ ಕೂತೆವು.

ಮೊದಲು ಸಭಾಂಗಣದ ಗುಜುಗುಜು. ಆಮೇಲೆ ಕವಿಯ ಧ್ವನಿ. ನಮಗೆ ಆ ಪದ್ಯ ಈಗ ಬಾಯಿಪಾಠ, ಒಂದಕ್ಷರ ಅರ್ಥವಾಗದಿದ್ದರೂ. ಟ್ರಾಮು ಬಂತು, ಮುದುಕಿ ಹತ್ತಿದಳು, ಎರಡು ತೂತು. ತಪಾಸಣೆಯವನು ಕೇಳಿದ. ಕವಿ ನಿಲ್ಲಿಸಿದರು. ಇಡೀ ಸಭೆ ಸ್ತಬ್ಧವಾಯಿತು. ಎಷ್ಟು ನಿಶ್ಶಬ್ದ ಎಂದರೆ ಮ್ಯಾನೇಜರ್ ಬಗ್ಗಿ ಫೋನಿನ ವಯರ್ ಮುಟ್ಟಿ ನೋಡಿದರು. ಮಾಸ್ಟ್ರು ಅವರ ಕೈಗೆ ಒಂದು ಪೆಟ್ಟು ಕೊಟ್ಟರು.

ಕವಿ ಕೊನೆಯ ಸಾಲು ಹೇಳಿದರು.

ಅಷ್ಟರಲ್ಲಿ ಲೈನು ಕಟ್ಟಾಯಿತು. ಬೀಪ್ ಬೀಪ್ ಬೀಪ್.

"ಅಯ್ಯೋ ಸಾಯ್ಲಿ!" ಎಂದರು ಮ್ಯಾನೇಜರ್. ತಿರುಗಿ ಹಚ್ಚಿದರು, ಸಿಗಲಿಲ್ಲ. ಮತ್ತೆ ಹಚ್ಚಿದರು, ಬ್ಯುಸಿ. ಕಾಪುವಿನವಳು ಎದ್ದು ಕಿಟಕಿಯ ಹತ್ತಿರ ಹೋಗಿ ನಮಗೆ ಬೆನ್ನು ಹಾಕಿ ನಿಂತಳು. ಚಾ ತಣ್ಣಗಾಯಿತು. ಮಾಸ್ಟ್ರು, "ಸಾಲು ಬಿತ್ತಾ ಇಲ್ವಾ ಅಂತಾದರೂ ಗೊತ್ತಾಗ್ಬೇಕಿತ್ತು" ಎಂದರು. ಅದನ್ನು ಅವರು ಹೇಳಬೇಕಾಗಿರಲಿಲ್ಲ.

ಫೋನ್ ಬಂದಾಗ ಹಿಂದೆ ಕುರ್ಚಿ ಸರಿಸುವ ಶಬ್ದ, ಜನ ಹೊರಗೆ ಹೋಗುವ ಶಬ್ದ. ಸಂಯೋಜಕಿ ಮೊದಲ ಬಾರಿಗೆ ಜೋರಾಗಿ ಮಾತಾಡಿದರು.

"ಅವರು ಸಾಲು ಹೇಳಿದರು. ಪರದೆ ಕಪ್ಪು. ಯಾರಿಗೂ ಏನೂ ಗೊತ್ತಿಲ್ಲ. ಆಗ ಅವರು ಏನು ಮಾಡಿದರು ಗೊತ್ತಾ? ತಾವೇ ತಿರುಗಿ ಪರದೆಯ ಕಡೆ ನಿಂತರು. ನಮ್ಮೆಲ್ಲರ ಹಾಗೆ ಕಾದರು. ಸಾಲು ಬಂತು. ಅವರೂ ಓದಿದರು. ಆಮೇಲೆ ಚಪ್ಪಾಳೆ. ಇಳಿದು ಬಂದು, ಮುಂದಿನ ವರ್ಷವೂ ಇದೇ ಜನ ಮಾಡಲಿ ಎಂದರು. ಮಾಡುತ್ತೀರಲ್ಲ?"

"ಮಾಡ್ತೇವೆ, ಮಾಡ್ತೇವೆ" ಎಂದು ಮ್ಯಾನೇಜರ್ ಕನ್ನಡದಲ್ಲೇ ಹೇಳಿಬಿಟ್ಟು, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದರು. ಫೋನ್ ಇಟ್ಟು ಕಿಟಕಿಯ ಕಡೆ ತಿರುಗಿ, "ಏ ಕಾಪು, ನಾಳೆ ಬಂದು ಹೊಸ ಕಾಂಟ್ರಾಕ್ಟಿಗೆ ಸಹಿ ಹಾಕು. ಈಗ ಹೋಗಿ ಆ ಕೊನೆಯ ಕಡತದ ಒಂದು ಪ್ರತಿ ತೆಗೆದಿಡು, ಮುಂದಿನ ವರ್ಷಕ್ಕೆ ಬೇಕು" ಎಂದರು.

ಅವಳು ಕಣ್ಣು ಒರೆಸಿಕೊಂಡು ನಮ್ಮ ಮೂಲೆಗೆ ಹೋದಳು. ನಾನೂ ಹಿಂದೆಯೇ ಹೋದೆ. ಪ್ರತಿ ತೆಗೆಯಲು ಹೊಸ ಸಿ.ಡಿ. ಹುಡುಕುತ್ತಾ ಅವಳ ಡ್ರಾಯರ್ ಎಳೆದರೆ ಒಳಗೆ ಏನೂ ಇಲ್ಲ. ಚಮಚ ಇಲ್ಲ, ಬಾಚಣಿಗೆ ಇಲ್ಲ, ಬೆನ್ನಿಗೆ ಹಾಕಿಕೊ‍ಳ್ಳುತ್ತಿದ್ದ ಶಾಲು ಇಲ್ಲ, ಪೆನ್ನಿನ ಮುಚ್ಚಳ ಕೂಡ ಇಲ್ಲ.

"ನಿನ್ನ ಸಾಮಾನು ಎಲ್ಲಿ ಮಾರಾಯ್ತಿ?"

"ಶುಕ್ರವಾರವೇ ಮನೆಗೆ ತಕೊಂಡು ಹೋದೆ ಅಕ್ಕ" ಎಂದಳು. ಡ್ರಾಯರನ್ನು ಮೆಲ್ಲಗೆ ಒಳಗೆ ತಳ್ಳಿದಳು. "ಬೊಂಬಾಯಿಗೆ ಕಟ್ಟಿಟ್ಟ ಬ್ಯಾಗಿನಲ್ಲಿ ಉಂಟು. ಎಲ್ಲ ತಳಕ್ಕೆ ಹೋಗಿದೆ, ಹುಡುಕಿ ತೆಗೀಬೇಕು."